ತೋಟದ ಗುಂಡಿಯಲ್ಲಿ ಬುರುಡೆ ಸಿಕ್ಕಿದೆ: ಮಗುವಿನದೋ, ಮಂಗನದೋ?

ಕಾದಿಗೆ_ಬದಿ
ನಮಸ್ಕಾರ. ಸಾಗರದ ಕಡೆಯವನು, ಅಡಿಕೆ ಬೆಳೆಗಾರ. ನಿನ್ನೆ ತೋಟದ ಮೇಲಿನ ದರೆಯ ಪಕ್ಕದಲ್ಲಿ ಇಂಗುಗುಂಡಿ ತೋಡಿಸುತ್ತಿದ್ದೆ. ಸೊಂಟದಾಳಕ್ಕೆ ಹೋದಾಗ ಗುದ್ದಲಿಗೆ ಒಂದು ಸಣ್ಣ ತಲೆಬುರುಡೆ ತಾಗಿತು. ಅಂಗೈಯಲ್ಲಿ ಕೂರುವಷ್ಟು ಗಾತ್ರ, ಕಾಫಿಪುಡಿಯ ಬಣ್ಣ. ಕಣ್ಣಿನ ಗುಳಿಗಳೆರಡೂ ನಮ್ಮ ಹಾಗೆಯೇ ಮುಂದಕ್ಕೆ ನೋಡುತ್ತಿವೆ. ಕೆಲಸದವರು ಹಾರೆ, ಗುದ್ದಲಿ ಅಲ್ಲೇ ಇಟ್ಟು ಮೇಲೆ ಬಂದರು. ಮಗುವಿನದು ಎಂದು ಒಬ್ಬರು, ಮಂಗನದು ಎಂದು ಇನ್ನೊಬ್ಬರು. ಹತ್ತನೆಯ ತರಗತಿಯ ಅಳಿಯ ಮಾತ್ರ "ಮಾವ, ಇದು ಪಳೆಯುಳಿಕೆ, ಮ್ಯೂಸಿಯಂನವರಿಗೆ ಕೊಡೋಣ" ಎಂದು ಕುಣಿಯುತ್ತಿದ್ದಾನೆ. ಬುರುಡೆ ಇದ್ದಲ್ಲೇ ಇದೆ, ಮೇಲೆ ಹೆಡಿಗೆ ಮುಚ್ಚಿದ್ದೇನೆ. ಮನುಷ್ಯನದ್ದೇ ಅಲ್ಲವೇ ಎಂದು ತಿಳಿಯುವುದು ಹೇಗೆ? ಬಣ್ಣ ತಿರುಗಿದ ಮಾತ್ರಕ್ಕೆ ಪಳೆಯುಳಿಕೆ ಆಗುತ್ತದೆಯೇ?

ನೇರನುಡಿ
ಮೊದಲು ಪೊಲೀಸರಿಗೆ ಹೇಳಿ, ಆಮೇಲೆ ಇಲ್ಲಿ ಬರೆಯಿರಿ.

ಘಟ್ಟದ_ಕೆಳಗೆ
ಇದಕ್ಕೆ ನನ್ನ ಮತವೂ ಅದೇ. ಮನುಷ್ಯನದು ಎಂಬ ಸಂಶಯ ಒಂದು ಎಳೆಯಷ್ಟಿದ್ದರೂ ಠಾಣೆಗೆ ತಿಳಿಸಬೇಕು. ಮಂಗನದೇ ಆದರೂ ಅರಣ್ಯ ಇಲಾಖೆಯವರಿಗೆ ಒಂದು ಮಾತು ಹೇಳಿಬಿಡಿ, ಮನೆಯ ಷೋಕೇಸಿನಲ್ಲಿ ಇಡಲು ಹೋಗಬೇಡಿ.

ಮೂಳೆಮಾಸ್ತರ
ಅಂಗರಚನಾಶಾಸ್ತ್ರ ಕಲಿಸಿ ನಿವೃತ್ತನಾದವನು. ಪೊಲೀಸರಿಗೆ ತಿಳಿಸುವುದು ಸರಿ. ಅವರು ಬರುವವರೆಗೆ ಬುರುಡೆಯನ್ನು ಎತ್ತದೆ, ಬಗ್ಗಿ ನೋಡಿ ಹೇಳಿ.

ಮೊದಲು ಕಣ್ಣಿನ ಗುಳಿ. ಅದರ ಹಿಂಬದಿಗೆ ಮೂಳೆಯ ಗೋಡೆ ಇದೆಯೇ? ನಾಯಿ, ಬೆಕ್ಕು, ಮುಂಗುಸಿಯಲ್ಲಿ ಆ ಗೋಡೆ ಇರುವುದಿಲ್ಲ, ಗುಳಿ ಹಿಂದಕ್ಕೆ ತೆರೆದಿರುತ್ತದೆ. ಕಾಡುಪಾಪದಲ್ಲಿ ಬರೀ ಒಂದು ಕಮಾನಿನಂಥ ಪಟ್ಟಿ ಇರುತ್ತದೆ. ಗೋಡೆ ಪೂರ್ತಿ ಇದ್ದರೆ ಅದು ಮಂಗ, ಮುಸುವ ಅಥವಾ ಮನುಷ್ಯ. ನಿಮ್ಮೂರಿನಲ್ಲಿ ನಾಲ್ಕನೆಯದು ಇರಲಾರದು.

ಆಮೇಲೆ ಮುಖಕ್ಕೂ ಮಿದುಳಿನ ಗೂಡಿಗೂ ಇರುವ ಅಳತೆ. ಹಸುಗೂಸಿನ ಬುರುಡೆಯಲ್ಲಿ ಗೂಡೇ ಎಲ್ಲ, ಮುಖ ಅದರ ಕೆಳಗೆ ಅಂಟಿಸಿದ ಹಾಗೆ. ಹುಟ್ಟಿದ ಮಗುವಿನ ಮಿದುಳೇ 350ರಿಂದ 400 ಮಿಲಿಲೀಟರ್ ಇರುತ್ತದೆ. ಬೆಳೆದ ಮಂಗನದು ನೂರರ ಆಸುಪಾಸು. ಮಗುವಿನ ಬುರುಡೆ ಅಂಗೈಯಲ್ಲಿ ಕೂರುವುದಿಲ್ಲ, ಎರಡೂ ಕೈ ಬೇಕು. ಮೇಲಾಗಿ ಎಳೆ ಮಗುವಿನ ಬುರುಡೆಯ ಮೂಳೆಗಳು ಬೆಸೆದಿರುವುದಿಲ್ಲ, ಮಣ್ಣಿನಲ್ಲಿ ಹಾಳೆ ಹಾಳೆಯಾಗಿ ಬಿಚ್ಚಿಕೊಳ್ಳುತ್ತವೆ. ನಿಮಗೆ ಇಡಿಯಾಗಿ ಸಿಕ್ಕಿದೆ ಎನ್ನುವುದೇ ಒಂದು ಸುಳಿವು.

ಇನ್ನು ಹಲ್ಲು. ಎಷ್ಟಿವೆ, ಹೇಗಿವೆ?

ಕಾದಿಗೆ_ಬದಿ
ಠಾಣೆಗೆ ಫೋನ್ ಮಾಡಿದೆ, ಮಧ್ಯಾಹ್ನ ಬರುತ್ತಾರಂತೆ.
ಕಣ್ಣಿನ ಗುಳಿಗೆ ಗೋಡೆ ಇದೆ ಸರ್. ಹುಬ್ಬಿನ ಜಾಗದಲ್ಲಿ ಏಣು ಎದ್ದಿದೆ. ಮೂತಿ ಮುಂದಕ್ಕೆ ಬಂದಿದೆ. ಮೇಲ್ದವಡೆಯ ಒಂದು ಬದಿಯಲ್ಲಿ ಐದು ದವಡೆ ಹಲ್ಲು ಇವೆ. ಕೋರೆಹಲ್ಲು ಉದುರಿದೆ, ಅದರ ಗುಳಿ ಮಾತ್ರ ಇದೆ, ತುಂಬಾ ಆಳ. ಆ ಗುಳಿಗೂ ಮುಂದಿನ ಹಲ್ಲಿಗೂ ನಡುವೆ ಖಾಲಿ ಜಾಗ ಇದೆ.

ಮೂಳೆಮಾಸ್ತರ
ಹಾಗಾದರೆ ನೆಮ್ಮದಿಯಾಗಿ ಕಾಫಿ ಕುಡಿಯಿರಿ. ಆ ಖಾಲಿ ಜಾಗ ಕೆಳಗಿನ ಕೋರೆಹಲ್ಲು ಬಂದು ಕೂರುವುದಕ್ಕೆ. ನಮ್ಮ ಕೋರೆ ಚಿಕ್ಕದಾದ್ದರಿಂದ ನಮಗೆ ಅದು ಬೇಕಿಲ್ಲ. ಮಂಗಕ್ಕೂ ನಮಗೂ ಹಲ್ಲಿನ ಲೆಕ್ಕ ಒಂದೇ: ಒಂದು ಕಾಲುಭಾಗದಲ್ಲಿ ಎರಡು ಬಾಚಿ, ಒಂದು ಕೋರೆ, ಎರಡು ಮುಂದವಡೆ, ಮೂರು ದವಡೆ, ಒಟ್ಟು 32. ಆದ್ದರಿಂದ ಎಣಿಸಿ ಪ್ರಯೋಜನವಿಲ್ಲ, ಆಕಾರ ನೋಡಬೇಕು. ದವಡೆ ಹಲ್ಲಿನ ಮೇಲೆ ಅಡ್ಡಲಾಗಿ ಎರಡು ಏಣು ಕಾಣುತ್ತಿದ್ದರೆ ಅದು ಬಾಲವಿರುವ ಮಂಗಗಳ ಗುರುತು. ಮನುಷ್ಯ, ಚಿಂಪಾಂಜಿ, ಗೊರಿಲ್ಲಾಗಳಲ್ಲಿ ಗುಂಡನೆಯ ಉಬ್ಬುಗಳಿರುತ್ತವೆ, ಏಣು ಇರುವುದಿಲ್ಲ.

ಉಣುಗು_ಕಡಿದವ
ಎಲ್ಲರೂ ಹಲ್ಲು ಎಣಿಸುತ್ತಿದ್ದೀರಿ, ಮಂಗನ ಕಾಯಿಲೆಯ ಮಾತನ್ನು ಯಾರೂ ಎತ್ತಲಿಲ್ಲವಲ್ಲ! ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ರೋಗ ಅದು. ಬರಿಗೈಯಲ್ಲಿ ಮುಟ್ಟಿದ್ದೀರಾ?

ಘಟ್ಟದ_ಕೆಳಗೆ
ಒಣಗಿದ ಮೂಳೆಯಿಂದ ಬರುವುದಿಲ್ಲ ಮಾರಾಯರೇ. ಅದು ಉಣುಗಿನಿಂದ ಹರಡುವ ವೈರಸ್. ಮಂಗ ಸತ್ತ ಕೂಡಲೇ ಮೈಮೇಲಿನ ಉಣುಗು ಕೆಳಗಿಳಿದು ಸುತ್ತಲಿನ ತರಗೆಲೆಯಲ್ಲಿ ಹರಡಿಕೊಳ್ಳುತ್ತದೆ, ಅಪಾಯ ಇರುವುದು ಅಲ್ಲಿ. ಹೊಸದಾಗಿ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಬೇಕು. ಸೊಂಟದಾಳದ ಹಳೆಯ ಬುರುಡೆಗೆ ಕೈಗವಸು ಸಾಕು.

ಪಿಯು_ಉಪನ್ಯಾಸಕಿ
ಮಾಸ್ತರರು ತಲೆಬುರುಡೆಯ ಕೆಳಗಿನ ದೊಡ್ಡ ತೂತಿನ ವಿಷಯ ಬಿಟ್ಟರು. ನಾನು ತರಗತಿಯಲ್ಲಿ ಮೊದಲು ಹೇಳುವುದೇ ಅದನ್ನು. ಮಿದುಳುಬಳ್ಳಿ ಇಳಿಯುವ ಆ ಮಹಾರಂಧ್ರ ನಮ್ಮಲ್ಲಿ ಬುರುಡೆಯ ತಳದ ನಡುವೆ ಇದೆ, ತಲೆ ಬೆನ್ನುಮೂಳೆಯ ತುದಿಯಲ್ಲಿ ಸಮತೂಕವಾಗಿ ಕೂರುತ್ತದೆ. ನಾಲ್ಕು ಕಾಲಿನಲ್ಲಿ ನಡೆಯುವವುಗಳಲ್ಲಿ ಅದು ಹಿಂದಕ್ಕೆ ಸರಿದಿರುತ್ತದೆ. 1924ರಲ್ಲಿ ದಕ್ಷಿಣ ಆಫ್ರಿಕಾದ ಟಾಂಗ್ ಎಂಬಲ್ಲಿನ ಸುಣ್ಣಕಲ್ಲಿನ ಗಣಿಯಿಂದ ಬಂದ ಒಂದು ಪುಟ್ಟ ಬುರುಡೆಯನ್ನು ರೇಮಂಡ್ ಡಾರ್ಟ್ ನೋಡಿದಾಗ, ಇದು ನೆಟ್ಟಗೆ ನಡೆಯುತ್ತಿದ್ದ ಜೀವಿ ಎಂದು ಹೇಳಿದ್ದು ಮುಖ್ಯವಾಗಿ ಈ ತೂತಿನ ಜಾಗ ನೋಡಿಯೇ.

ನೇರನುಡಿ
ಒಂದು ತೂತು ನೋಡಿ ನಡಿಗೆ ಹೇಳಿದರಂತೆ. ಕವಡೆ ಹಾಕಿ ಹೇಳುವವರಿಗೂ ಇವರಿಗೂ ಏನು ವ್ಯತ್ಯಾಸ?

ಮೂಳೆಮಾಸ್ತರ
ನೇರನುಡಿಯವರ ತಕರಾರನ್ನು ಆ ಕಾಲದ ಇಂಗ್ಲೆಂಡಿನ ದೊಡ್ಡ ದೊಡ್ಡ ಪಂಡಿತರೂ ಎತ್ತಿದ್ದರು. ಅದು ಪೂರಾ ಹುಸಿ ತಕರಾರೂ ಅಲ್ಲ. ಚಿಂಪಾಂಜಿ ಮರಿಯಲ್ಲಿ ಆ ತೂತು ಮುಂದೆಯೇ ಇದ್ದು, ಬೆಳೆದಂತೆ ಹಿಂದಕ್ಕೆ ಸರಿಯುತ್ತದೆ. ಟಾಂಗ್ ಬುರುಡೆ ಮರಿಯದಾಗಿತ್ತು. ಹಾಗಾಗಿ ಡಾರ್ಟ್ ಮಾತನ್ನು ಜನ ಒಪ್ಪಲು ದೊಡ್ಡವುಗಳ ಮೂಳೆ ಸಿಗುವವರೆಗೆ ಕಾಯಬೇಕಾಯಿತು. ಸಿಕ್ಕವು, ಅವನ ಮಾತು ನಿಂತಿತು.

ನಡಿಗೆ ತಿಳಿಯಬೇಕಾದರೆ ನಾನು ಬುರುಡೆಗಿಂತ ಮೊಣಕಾಲನ್ನು ಕೇಳುತ್ತೇನೆ. ಕನ್ನಡಿಯ ಮುಂದೆ ನಿಂತು ನೋಡಿಕೊಳ್ಳಿ: ತೊಡೆಯ ಮೂಳೆ ಸೊಂಟದಿಂದ ಮೊಣಕಾಲಿಗೆ ಬರುವಾಗ ಒಳಮುಖವಾಗಿ ಓರೆಯಾಗುತ್ತದೆ. ಅದರಿಂದಾಗಿ ಒಂದು ಕಾಲೆತ್ತಿದಾಗ ಇನ್ನೊಂದು ಪಾದ ನೇರ ಮೈಭಾರದ ಕೆಳಗೇ ಇರುತ್ತದೆ. ಚಿಂಪಾಂಜಿಯ ತೊಡೆಮೂಳೆ ನೆಟ್ಟಗೆ ಇಳಿಯುತ್ತದೆ. ಎರಡು ಕಾಲಿನಲ್ಲಿ ನಡೆಸಿದರೆ ಅದು ಅತ್ತಿತ್ತ ತೊನೆಯುತ್ತದೆ. ಸೊಂಟದ ಮೂಳೆಯೂ ಹಾಗೆಯೇ. ಚಿಂಪಾಂಜಿಯದು ಎತ್ತರಕ್ಕೆ, ಚಪ್ಪಟೆಯಾಗಿ ಬೆನ್ನಿಗೆ ಅಂಟಿಕೊಂಡಿರುತ್ತದೆ. ನಮ್ಮದು ಗಿಡ್ಡ, ಅಗಲ, ಪಕ್ಕಕ್ಕೆ ಬಾಗಿ ಹೊಟ್ಟೆಯ ಭಾರ ಹೊರುವ ಬೋಗುಣಿಯಂತೆ ಇರುತ್ತದೆ.

ನೇರನುಡಿ
ಸರಿ, ಇದೆಲ್ಲ ಇಡೀ ಅಸ್ಥಿಪಂಜರ ಇದ್ದಾಗ. ಇಥಿಯೋಪಿಯಾದಲ್ಲಿ ಸಿಕ್ಕ ಮಾನವನ ಕವಲಿನ ಹಳೆಯ ಅಸ್ಥಿಪಂಜರಕ್ಕೆ ಲೂಸಿ ಲೂಸಿ ಎನ್ನುತ್ತಾರೆ, ಸಿಕ್ಕಿದ್ದು ನೂರಕ್ಕೆ ನಲವತ್ತು. ಉಳಿದ ಅರವತ್ತು ಪ್ಲಾಸ್ಟರು, ಕಲ್ಪನೆ.

ಆಡಿಸ್‌ನಲ್ಲಿ_ಕನ್ನಡಿಗ
ಕೆಲಸದ ಮೇಲೆ ಇಥಿಯೋಪಿಯಾದಲ್ಲಿ ಇದ್ದೇನೆ. ಇಲ್ಲಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಲೂಸಿಯ ಅಚ್ಚು ಇದೆ, ನಿಜವಾದ ಮೂಳೆಗಳನ್ನು ಒಳಗೆ ಭದ್ರವಾಗಿ ಇಟ್ಟಿದ್ದಾರೆ. ನಾನು ಹೋದ ದಿನ ಶಾಲಾ ಮಕ್ಕಳ ದೊಡ್ಡ ಗುಂಪು ಬಂದಿತ್ತು. ಒಂದು ಹುಡುಗಿ ಗಾಜಿನ ಪಕ್ಕ ನಿಂತು ಎತ್ತರ ಅಳೆದುಕೊಂಡಳು, ಲೂಸಿ ಅವಳ ಭುಜಕ್ಕೂ ಬರಲಿಲ್ಲ. ಎತ್ತರ ಒಂದು ಮೀಟರಿಗಿಂತ ಚೂರು ಹೆಚ್ಚು ಅಷ್ಟೇ. ಹಡಾರ್ ಎಂಬಲ್ಲಿ 1974ರ ನವೆಂಬರಿನಲ್ಲಿ ಡೊನಾಲ್ಡ್ ಜೋಹಾನ್ಸನ್ ಕಣ್ಣಿಗೆ ಮೊದಲು ಬಿದ್ದದ್ದು ಕೊರಕಲಿನ ಇಳಿಜಾರಿನಲ್ಲಿದ್ದ ಮೊಣಕೈ ಮೂಳೆಯ ಒಂದು ಚೂರು. ವಯಸ್ಸು ಸುಮಾರು 32 ಲಕ್ಷ ವರ್ಷ.

ಮೂಳೆಮಾಸ್ತರ
ನಲವತ್ತರ ಲೆಕ್ಕಕ್ಕೆ ಉತ್ತರ: ದೇಹಕ್ಕೆ ಎಡಬಲ ಇದೆ. ಲೂಸಿಯ ಸೊಂಟದ ಎಡ ಮೂಳೆಯೂ ಅದಕ್ಕೆ ಕೂಡುವ ತ್ರಿಕಾಸ್ಥಿಯೂ ಸಿಕ್ಕಿವೆ. ಎಡದ್ದು ಇದ್ದರೆ ಬಲದ್ದನ್ನು ಕನ್ನಡಿ ನೋಡಿ ಬರೆಯಬಹುದು, ಅದು ಕಲ್ಪನೆಯಲ್ಲ. ಎಡ ತೊಡೆಮೂಳೆಯೂ ಇದೆ. ಬರೀ ಮೊಣಕಾಲು ಸಾಕು ಎನ್ನುವವರಿಗೆ, ಲೂಸಿ ಸಿಗುವ ಹಿಂದಿನ ವರ್ಷವೇ ಹಡಾರ್‌ನಲ್ಲಿ ಬೇರೊಂದು ಜೀವಿಯ ಮೊಣಕಾಲಿನ ಕೀಲು ಸಿಕ್ಕಿತ್ತು. ಓರೆ ಅದರಲ್ಲೂ ಇತ್ತು. ಹಾಗೆಂದು ಲೂಸಿ ನಮ್ಮ ಹಾಗೆಯೇ ಇದ್ದಳು ಎಂದಲ್ಲ. ಸೊಂಟದ ಕೆಳಗೆ ನಮ್ಮ ಕಡೆ, ತಲೆಯ ಗಾತ್ರದಲ್ಲಿ ಚಿಂಪಾಂಜಿಯ ಕಡೆ. ಕೈಬೆರಳ ಮೂಳೆಗಳೂ ಬಾಗಿದ್ದವು, ಮರ ಹತ್ತುವವರ ಹಾಗೆ.

ನೇರನುಡಿ
ಮಂಗನಿಂದ ಮಾನವ ಆಗಿದ್ದರೆ ನಮ್ಮ ಕಾದಿಗೆ ಬದಿಯವರ ತೋಟದಲ್ಲಿ ಮಂಗ ಇನ್ನೂ ಏಕಿದೆ?

ಪಿಯು_ಉಪನ್ಯಾಸಕಿ
ನಿಮ್ಮ ಚಿಕ್ಕಪ್ಪನ ಮಕ್ಕಳು ಇನ್ನೂ ಬದುಕಿದ್ದಾರಲ್ಲ, ಹಾಗೆ. ಅವರಿಂದ ನೀವು ಹುಟ್ಟಿದವರಲ್ಲ, ಇಬ್ಬರಿಗೂ ಅಜ್ಜ ಒಬ್ಬನೇ.

ಅಡಿಕೆ_ಹೋಯಿತು
ಆ ಚಿಕ್ಕಪ್ಪನ ಮಕ್ಕಳು ಈ ವರ್ಷ ನನ್ನ ಎಳೆಯ ಕಾಯಿ ಅಷ್ಟನ್ನೂ ಉದುರಿಸಿದರು. ಪಾಲು ಕೇಳಲು ಬಂದವರ ಹಾಗೆ ಬರುತ್ತಾರೆ. ಪಟಾಕಿಗೂ ಹೆದರುವುದಿಲ್ಲ, ಹುಲಿಯ ಗೊಂಬೆಯ ಮೇಲೆ ಕೂತು ಬಾಳೆಹಣ್ಣು ತಿನ್ನುತ್ತವೆ.

ನಿರ್ವಾಹಕ
ಮಂಗನ ಹಾವಳಿಗೆ ಬೇರೆ ಚರ್ಚೆ ಇದೆ, ಅಲ್ಲಿ ಈಗಾಗಲೇ ಸಾಕಷ್ಟು ಜಗಳ ಆಗಿದೆ. ಇಲ್ಲಿ ಮೂಳೆಯ ಬಗ್ಗೆ ಮಾತ್ರ.

ಕಾದಿಗೆ_ಬದಿ
ಪೊಲೀಸರು ಬಂದು ಹೋದರು, ಜೊತೆಗೆ ಒಬ್ಬ ವೈದ್ಯರೂ ಇದ್ದರು. ಪ್ರಾಣಿಯದು ಎಂದು ಬರೆದುಕೊಂಡು ಹೋದರು. ಅವರೇ ಮಣ್ಣು ಸರಿಸಿದಾಗ ಬಾಲ ಕಂಡಿತು: ಉದ್ದನೆಯ ಮಣಿಗಳ ಹಾಗಿನ ಮೂಳೆಗಳು, ತುದಿಗೆ ಹೋದಂತೆ ಸಣ್ಣ. ಸುದ್ದಿ ಕೇಳಿ ಬಂದ ಪಕ್ಕದ ಮನೆಯ ದೊಡ್ಡಮ್ಮ, "ಲೈನಿನ ಮೇಲೆ ಸತ್ತ ಮಂಗನನ್ನು ಇಲ್ಲೇ ಹೂತಿದ್ದೆವಲ್ಲ, ಹಾಲುತುಪ್ಪ ಬಿಟ್ಟು ಹನುಮಂತನಿಗೆ ಕಾಯಿ ಒಡೆಸಿದ್ದೆವು" ಎಂದರು. ಕೆಲಸದವರು ಗುಂಡಿಯ ಜಾಗ ಬದಲಿಸಿ ಎಂದು ಪಟ್ಟು ಹಿಡಿದಿದ್ದಾರೆ, ಬದಲಿಸುತ್ತೇನೆ. ಆದರೆ ಅಳಿಯ ಬಿಡುತ್ತಿಲ್ಲ. ಮೂಳೆ ಕಂದಾಗಿದೆ, ಆದ್ದರಿಂದ ಕಲ್ಲಾಗುತ್ತಿದೆ ಎನ್ನುತ್ತಾನೆ. ಹಾಗೆಯೇ ಬಿಟ್ಟರೆ ಮುಂದೊಂದು ದಿನ ಪಳೆಯುಳಿಕೆ ಆಗುತ್ತದೆಯೇ?

ಕಲ್ಲುಬಂಡೆ
ಭೂವಿಜ್ಞಾನದವನು, ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಅಳಿಯನಿಗೆ ಹೇಳಿ: ಕಂದು ಬಣ್ಣ ನಿಮ್ಮ ಜಂಬಿಟ್ಟಿಗೆ ಮಣ್ಣಿನ ಕಬ್ಬಿಣದ್ದು. ಬಿಳಿ ಪಂಚೆಗೆ ಹತ್ತುವ ಕೆಂಪು ಕಲೆಯೂ ಅದೇ. ನಿಮ್ಮ ತೋಟದಲ್ಲಿ ಆ ಮೂಳೆ ಕಲ್ಲಾಗುವ ಮೊದಲು ಕರಗಿಹೋಗುತ್ತದೆ.

ಮೂಳೆ ಎಂದರೆ ಎರಡು ವಸ್ತುಗಳ ನೇಯ್ಗೆ. ಒಂದು ಕೊಲಾಜೆನ್ ಎಂಬ ನಾರು, ಇನ್ನೊಂದು ಕ್ಯಾಲ್ಸಿಯಂ ಫಾಸ್ಫೇಟಿನ ಖನಿಜ. ಹೂತ ಮೇಲೆ ನಾರನ್ನು ಸೂಕ್ಷ್ಮಜೀವಿಗಳು ತಿನ್ನುತ್ತವೆ. ಖನಿಜ ಉಳಿಯುವುದೋ ಕರಗುವುದೋ ಎಂಬುದು ಮಣ್ಣಿನ ಗುಣಕ್ಕೆ ಬಿಟ್ಟದ್ದು. ಮಲೆನಾಡಿನ ಮಳೆಯಲ್ಲಿ, ಕೊಳೆತ ತರಗೆಲೆಯ ಕೆಳಗೆ ಮಣ್ಣು ಹುಳಿಯಾಗಿರುತ್ತದೆ, ಆ ಹುಳಿ ಖನಿಜವನ್ನು ತಿನ್ನುತ್ತದೆ. ಕಲ್ಲಾಗಬೇಕಾದರೆ ಹೆಣ ಬೇಗ ಮುಚ್ಚಿಹೋಗಬೇಕು: ನೆರೆ ತಂದ ಹೂಳು, ಕೆರೆಯ ತಳದ ಕೆಸರು, ಜ್ವಾಲಾಮುಖಿಯ ಬೂದಿ ಅಥವಾ ಗುಹೆಯ ಸುಣ್ಣ. ಇಲ್ಲದಿದ್ದರೆ ನರಿ, ಹದ್ದು, ಬಿಸಿಲು, ಮಳೆ ಸೇರಿ ಚೆಲ್ಲಾಪಿಲ್ಲಿ ಮಾಡುತ್ತವೆ. ಮುಚ್ಚಿದ ಮೇಲೆ ಖನಿಜ ತುಂಬಿದ ಅಂತರ್ಜಲ ಮೂಳೆಯ ಸಣ್ಣ ಸಣ್ಣ ರಂಧ್ರಗಳಿಗೆ ಇಳಿದು, ಸುಣ್ಣವನ್ನೋ ಸಿಲಿಕಾವನ್ನೋ ಅಲ್ಲಿ ಬಿಟ್ಟುಹೋಗುತ್ತದೆ. ಮೂಳೆಯ ಸ್ವಂತ ಖನಿಜವೂ ನೀರಿನ ಫ್ಲೋರಿನ್ ಹೀರಿ ಗಟ್ಟಿಯಾಗುತ್ತದೆ. ಮೂಳೆಯ ಆಕಾರ ಹಾಗೆಯೇ ಉಳಿದು ತೂಕ ಮಾತ್ರ ಕಲ್ಲಿನದಾಗುತ್ತದೆ.

ಉಣುಗು_ಕಡಿದವ
ನಾಲಿಗೆಗೆ ತಾಗಿಸಿದರೆ ಅಂಟಿಕೊಂಡರೆ ಪಳೆಯುಳಿಕೆ ಎಂದು ಎಲ್ಲೋ ಓದಿದ್ದೆ.

ಕಲ್ಲುಬಂಡೆ
ಕೆಲವರು ಹೊಲದಲ್ಲಿ ಹಾಗೆ ಮಾಡುತ್ತಾರೆ, ಬರೀ ಕಲ್ಲೋ ಮೂಳೆಯೋ ಎಂದು ನೋಡಲು. ಮೂಳೆಗೆ ರಂಧ್ರಗಳಿರುವುದರಿಂದ ಅಂಟುತ್ತದೆ. ಹೊಸ ಮೂಳೆಯೂ ಅಂಟಬಹುದು. ದಯವಿಟ್ಟು ಹೂತ ಮಂಗನ ಬುರುಡೆಯನ್ನು ಯಾರೂ ನೆಕ್ಕಬೇಡಿ.

ಸೋದರಳಿಯನ_ಪರ
ಹಾಗಾದರೆ ಕಾಡಿನಲ್ಲಿ ಬದುಕಿದ್ದ ಪ್ರಾಣಿಗಳ ಚರಿತ್ರೆಯೇ ಸಿಗುವುದಿಲ್ಲವೇ?

ಕಲ್ಲುಬಂಡೆ
ಈ ಚರ್ಚೆಯಲ್ಲಿ ಕೇಳಬೇಕಾಗಿದ್ದ ಪ್ರಶ್ನೆಯೇ ಇದು. ಚಿಂಪಾಂಜಿಯನ್ನೇ ತೆಗೆದುಕೊಳ್ಳಿ. ಮಾನವನ ಕವಲಿನ ಪಳೆಯುಳಿಕೆಗಳು ಒಂದರ ಮೇಲೊಂದು ಸಿಗುತ್ತಿದ್ದ ಕಾಲದಲ್ಲಿ ಚಿಂಪಾಂಜಿಯದು ಒಂದೂ ಇರಲಿಲ್ಲ. ಮೊದಲನೆಯದು ವರದಿಯಾದದ್ದು 2005ರಲ್ಲಿ, ಅದೂ ಕೀನ್ಯಾದಲ್ಲಿ ಸಿಕ್ಕ ಬೆರಳೆಣಿಕೆಯ ಹಲ್ಲುಗಳು, ಸುಮಾರು ಐದು ಲಕ್ಷ ವರ್ಷ ಹಳೆಯವು. ಚಿಂಪಾಂಜಿ ಇರಲಿಲ್ಲವೆಂದಲ್ಲ, ಅದು ಬದುಕಿದ ಮಳೆಕಾಡಿನ ಹುಳಿಮಣ್ಣು ಯಾವುದನ್ನೂ ಉಳಿಸಲಿಲ್ಲ. ಹಲ್ಲೇ ಉಳಿದದ್ದಕ್ಕೂ ಕಾರಣವಿದೆ: ಹಲ್ಲಿನ ಹೊರಕವಚ ನೂರಕ್ಕೆ ತೊಂಬತ್ತಾರರಷ್ಟು ಖನಿಜ, ಕೊಳೆಯಲು ಅದರಲ್ಲಿ ಹೆಚ್ಚೇನೂ ಇಲ್ಲ.

ಪೂರ್ವ ಆಫ್ರಿಕಾದ ಬಿರುಕು ಕಣಿವೆಯಲ್ಲಿ ಎಲ್ಲ ಕೂಡಿಬಂತು. ತಗ್ಗಿನಲ್ಲಿ ಕೆರೆಗಳು, ಹೂಳು, ನಡುನಡುವೆ ಜ್ವಾಲಾಮುಖಿಯ ಬೂದಿ. ಬೂದಿಯಲ್ಲಿನ ಪೊಟ್ಯಾಸಿಯಂ ನಿಧಾನವಾಗಿ ಆರ್ಗಾನ್ ಆಗುತ್ತದೆ, ಅದನ್ನು ಅಳೆದರೆ ಪದರದ ವಯಸ್ಸು ಸಿಗುತ್ತದೆ. ಇಂಗಾಲದ ಲೆಕ್ಕ ಐವತ್ತು ಸಾವಿರ ವರ್ಷದಾಚೆಗೆ ನಡೆಯುವುದಿಲ್ಲ. ಆಮೇಲೆ ನೆಲ ಮೇಲೆದ್ದು, ಮಳೆ ಕೊರೆದು, ಹೂತದ್ದನ್ನು ಹೊರಗೆ ತಂದಿತು. ಮೂರರಲ್ಲಿ ಒಂದು ತಪ್ಪಿದರೂ ನಮಗೆ ಲೂಸಿ ಇಲ್ಲ.

ಆಡಿಸ್‌ನಲ್ಲಿ_ಕನ್ನಡಿಗ
ಬೂದಿಯ ಮಾತು ಬಂದದ್ದಕ್ಕೆ, ಟಾಂಜಾನಿಯಾದ ಲೇಟೋಲಿ. ಅಲ್ಲಿ ಮೂಳೆಯಲ್ಲ, ಹೆಜ್ಜೆಗಳು. 1976ರಲ್ಲಿ ಮೇರಿ ಲೀಕಿ ತಂಡದ ಕೆಲವರು ಬಿಡುವಿನಲ್ಲಿ ಒಬ್ಬರ ಮೇಲೊಬ್ಬರು ಒಣಗಿದ ಆನೆಲದ್ದಿ ಎಸೆದು ಆಡುತ್ತಿದ್ದರಂತೆ. ತಪ್ಪಿಸಿಕೊಳ್ಳಲು ನೆಲಕ್ಕೆ ಬಿದ್ದವನ ಕಣ್ಣೆದುರಿಗೇ ಪ್ರಾಣಿಗಳ ಹೆಜ್ಜೆಗುರುತು! ಎರಡು ವರ್ಷದ ಮೇಲೆ ಎರಡು ಕಾಲಿನ ನಡಿಗೆಯ ಸಾಲೂ ಸಿಕ್ಕಿತು, ಸುಮಾರು 27 ಮೀಟರ್ ಉದ್ದ. 36 ಲಕ್ಷ ವರ್ಷಕ್ಕೂ ಹಳೆಯದು. ಬೂದಿ ಬಿದ್ದಿತ್ತು, ಹನಿ ಮಳೆ ಬಂದು ಹದವಾಗಿತ್ತು, ನಡೆದವರು ನಡೆದರು, ಬೂದಿ ಗಟ್ಟಿಯಾಯಿತು, ಅದರ ಮೇಲೆ ಮತ್ತೆ ಬೂದಿ. ಹೆಬ್ಬೆರಳು ಉಳಿದ ಬೆರಳುಗಳ ಜೊತೆಗೇ ಮುಂದಕ್ಕೆ ನೋಡುತ್ತದೆ. ಚಿಂಪಾಂಜಿಯದಾಗಿದ್ದರೆ ಕೈಯ ಹೆಬ್ಬೆರಳಿನ ಹಾಗೆ ಪಕ್ಕಕ್ಕೆ ಚಾಚಿರುತ್ತಿತ್ತು.

ಬೆನ್ನುನೋವು
ಫಿಸಿಯೋಥೆರಪಿ ನನ್ನ ಕಸುಬು. ನೆಟ್ಟಗೆ ನಿಂತದ್ದರ ಬಿಲ್ಲು ನನ್ನ ಚಿಕಿತ್ಸಾಲಯಕ್ಕೆ ಬರುತ್ತದೆ. ಚಿಂಪಾಂಜಿಯ ಬೆನ್ನಿಗೆ ನಮ್ಮಂತೆ ಸೊಂಟದ ಬಳಿ ಒಳಬಾಗು ಇಲ್ಲ. ನಮ್ಮದು ಎರಡು ಕಡೆ ಬಾಗಿ, ಕೊನೆಯ ಎರಡು ಸೊಂಟದ ಕಶೇರುಗಳ ಮೇಲೆ ಇಡೀ ಮೇಲುಮೈಯ ಭಾರ ಹೊರಿಸುತ್ತದೆ. ಡಿಸ್ಕ್ ಜಾರುವುದು ಬಹುಮಟ್ಟಿಗೆ ಅಲ್ಲೇ. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಬನ್ನಿ, ತೋರಿಸುತ್ತೇನೆ.

ನೇರನುಡಿ
ಪಿಲ್ಟ್‌ಡೌನ್‌ನ ನಕಲಿ ಆದಿಮಾನವನ ಬಗ್ಗೆ ಯಾರೂ ಬಾಯಿ ಬಿಡುತ್ತಿಲ್ಲ. ಹೋಲಿಕೆ ನೋಡಿ ಹೇಳುವ ಪಂಡಿತರೆಲ್ಲ ನಲವತ್ತು ವರ್ಷ ಮೋಸಹೋದರಲ್ಲ?

ಕಲ್ಲುಬಂಡೆ
ಎಲ್ಲರೂ ಅಲ್ಲ, ಸಂಶಯಪಟ್ಟವರು ಮೊದಲಿನಿಂದಲೂ ಇದ್ದರು. ಆದರೆ ಬಹಳ ಜನ ಹೋದರು, ನಿಜ. 1912ರಲ್ಲಿ ಇಂಗ್ಲೆಂಡಿನಲ್ಲಿ ಮನುಷ್ಯನ ಬುರುಡೆಗೆ ಒರಾಂಗುಟಾನ್ ದವಡೆ ಸೇರಿಸಿ, ಹಲ್ಲು ಅರದಿಂದ ಉಜ್ಜಿ, ಬಣ್ಣ ಹಾಕಿ ಇಟ್ಟಿದ್ದರು. ದವಡೆ ಬುರುಡೆಗೆ ಕೂಡುವ ಗುಬ್ಬಿಯನ್ನು ಮುರಿದಿದ್ದರು, ಹೊಂದುತ್ತದೆಯೇ ಎಂದು ನೋಡಲು ಆಗದಂತೆ. ಹಿಡಿದುಕೊಟ್ಟದ್ದು ನಾನು ಮೇಲೆ ಹೇಳಿದ ಫ್ಲೋರಿನ್. ಬಹುಕಾಲ ನೆಲದಲ್ಲಿದ್ದ ಮೂಳೆ ಫ್ಲೋರಿನ್ ಹೀರಿರಬೇಕು, ಇದರಲ್ಲಿ ಇರಬೇಕಾದಷ್ಟು ಇರಲಿಲ್ಲ. 1953ರಲ್ಲಿ ಬಯಲು ಮಾಡಿದವರೂ ವಿಜ್ಞಾನಿಗಳೇ. ಅಂದಮೇಲೆ ಆಕಾರವೊಂದನ್ನೇ ನಂಬಬಾರದು, ಮೂಳೆ ನೆಲದೊಳಗೆ ಏನಾಯಿತು ಎಂಬುದನ್ನೂ ನೋಡಬೇಕು.

ನೇರನುಡಿ
ಇದು ಒಪ್ಪಬಹುದಾದ ಮಾತು.

ಅಡಿಕೆ_ಹೋಯಿತು
ನೇರನುಡಿಯವರು ಒಪ್ಪಿದರು! ಇದನ್ನೇ ಪಳೆಯುಳಿಕೆ ಮಾಡಿ ಇಡಿ.

ಸೋದರಳಿಯನ_ಪರ
ಕರ್ನಾಟಕದಲ್ಲಿ ಏನೂ ಇಲ್ಲವೇ ಸರ್?

ಕಲ್ಲುಬಂಡೆ
ನಮ್ಮ ನೆಲದ ಬಹುಭಾಗ ಹಳೆಯ ನೈಸ್ ಮತ್ತು ಗ್ರಾನೈಟ್. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ. ಕಾವಿನಲ್ಲಿ ಬೆಂದ ಅಂಥ ಶಿಲೆಯಲ್ಲಿ ಮೂಳೆ ಹುಡುಕಬಾರದು. ಉತ್ತರದ ಹಳ್ಳಕೊಳ್ಳಗಳ ಮೆಕ್ಕಲಿನಲ್ಲಿ ಆಸೆ ಇದೆ. ರಾಬರ್ಟ್ ಬ್ರೂಸ್ ಫೂಟ್ ಹತ್ತೊಂಬತ್ತನೆಯ ಶತಮಾನದಲ್ಲೇ ಗೋಕಾಕದ ಬಳಿ ಘೇಂಡಾಮೃಗದ ಪಳೆಯುಳಿಕೆ ಪಡೆದಿದ್ದ. ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಕಲ್ಲಿನ ಆಯುಧ ಮಾಡುತ್ತಿದ್ದ ಜಾಗವೇ ಸಿಕ್ಕಿದೆ. ಅಲ್ಲಿನ ಪ್ರಾಣಿಹಲ್ಲಿನಿಂದ ಬಂದ ವಯಸ್ಸು ಸುಮಾರು 12 ಲಕ್ಷ ವರ್ಷ. ಆಯುಧ ರಾಶಿ ರಾಶಿ, ಮಾಡಿದವನ ಮೂಳೆ ಇಲ್ಲ. ಅದಕ್ಕೆ ಹತ್ತಿರದ್ದೆಂದರೆ ಮಧ್ಯಪ್ರದೇಶದ ನರ್ಮದಾ ದಂಡೆಯ ಹಥನೋರಾದಲ್ಲಿ 1982ರಲ್ಲಿ ಅರುಣ್ ಸೋನಕಿಯಾ ಅವರಿಗೆ ಸಿಕ್ಕ ಬುರುಡೆಯ ಮೇಲ್ಭಾಗ.

ಪಿಯು_ಉಪನ್ಯಾಸಕಿ
ನನ್ನ ಅಳಲನ್ನೂ ಕೇಳಿ. ದ್ವಿತೀಯ ಪಿಯು ಪುಸ್ತಕದಲ್ಲಿ ರಾಮಾಪಿಥೆಕಸ್ ಎಂಬ ಪ್ರಾಚೀನ ವಾನರ ಹೆಚ್ಚು ಮನುಷ್ಯನಂತಿತ್ತು ಎಂಬ ಸಾಲು ಇದೆ, ಮಕ್ಕಳು ಬಾಯಿಪಾಠ ಮಾಡುತ್ತಾರೆ. ನಾನು ಓದಿದ ಪ್ರಕಾರ ಆ ವಾದ ಬಿದ್ದುಹೋಗಿದೆ. ಮಾಸ್ತರರೇ, ಏನನ್ನುತ್ತೀರಿ?

ಮೂಳೆಮಾಸ್ತರ
ಬಿದ್ದು ದಶಕಗಳಾದವು ಮೇಡಂ. ಶಿವಾಲಿಕ್ ಬೆಟ್ಟಗಳ ದವಡೆಯ ಚೂರುಗಳನ್ನು ಜೋಡಿಸುವಾಗ ನಡುವಿನ ಭಾಗವೇ ಇರಲಿಲ್ಲ. ಮನುಷ್ಯನ ದವಡೆ ಕಮಾನಿನಂತೆ ಹಿಂದಕ್ಕೆ ಅಗಲವಾಗುತ್ತದೆ, ವಾನರದ್ದು ಎರಡು ಬದಿಯೂ ಸಮಾನಾಂತರ. ಚೂರುಗಳನ್ನು ಅಗಲಿಸಿ ಕೂರಿಸಿದ್ದರಿಂದ ಮನುಷ್ಯನ ಕಮಾನು ಬಂತು. ಆಮೇಲೆ ಪಾಕಿಸ್ತಾನದ ಪೊಟ್ವಾರ್ ಪ್ರಸ್ಥಭೂಮಿಯಲ್ಲಿ ಶಿವಾಪಿಥೆಕಸ್ ಎಂಬ ಇನ್ನೊಂದು ಪ್ರಾಚೀನ ವಾನರದ ಮುಖವೇ ಸಿಕ್ಕಿತು, 1982ರಲ್ಲಿ ಡೇವಿಡ್ ಪಿಲ್ಬೀಮ್ ಅದನ್ನು ಪ್ರಕಟಿಸಿದರು. ಕಣ್ಣಿನ ಗುಳಿ ಎತ್ತರ, ನಡುವಿನ ಜಾಗ ಕಿರಿದು, ಸಾಕ್ಷಾತ್ ಒರಾಂಗುಟಾನ್ ಮುಖ. ರಾಮಾಪಿಥೆಕಸ್ ಎಂದು ಕರೆದದ್ದನ್ನು ಈಗ ಶಿವಾಪಿಥೆಕಸ್ ಜೊತೆಗೇ ಸೇರಿಸುತ್ತಾರೆ.

ಪಿಯು_ಉಪನ್ಯಾಸಕಿ
ನಮ್ಮ ಕಡೆಯಿಂದ ಕಾಣೆಯಾದ ಪೂರ್ವಜನ ಬದಲಿಗೆ ಜಮ್ಮುವಿನ ರಾಮನಗರದಲ್ಲಿ ಸಿಕ್ಕ ಒಂದು ದವಡೆ ಹಲ್ಲಿಗೆ 2020ರಲ್ಲಿ ಕಪಿ ರಾಮನಗರೆನ್ಸಿಸ್ ಎಂದು ಹೆಸರಿಟ್ಟಿದ್ದಾರೆ. ಸುಮಾರು 1.3 ಕೋಟಿ ವರ್ಷ ಹಳೆಯದು, ಗಿಬ್ಬನ್ ಬಳಗದ್ದೆಂದು ಅವರ ವಾದ.

ಸೋದರಳಿಯನ_ಪರ
ಪರೀಕ್ಷೆಯಲ್ಲಿ ರಾಮಾಪಿಥೆಕಸ್ ಬಗ್ಗೆ ಕೇಳಿದರೆ ಏನು ಬರೆಯಬೇಕು ಮೇಡಂ?

ಪಿಯು_ಉಪನ್ಯಾಸಕಿ
ಪುಸ್ತಕದಲ್ಲಿ ಇದ್ದದ್ದನ್ನು. ಮೌಲ್ಯಮಾಪಕರ ಕೈಯಲ್ಲಿ ಇರುವುದು ಮಾದರಿ ಉತ್ತರ, ಶಿವಾಪಿಥೆಕಸ್‌ನ ಮುಖವಲ್ಲ. ಸಿಇಟಿ ಮುಗಿದ ಮೇಲೆ ನನ್ನ ಪ್ರಯೋಗಾಲಯಕ್ಕೆ ಬಾ, ಎರಡು ದವಡೆಗಳ ಪ್ಲಾಸ್ಟರ್ ಅಚ್ಚು ಇವೆ, ಅಕ್ಕಪಕ್ಕ ಇಟ್ಟು ನೋಡೋಣ.